ಪಂಕ್ಚರ್ ಆಗದ ಟೈರು: ಆಯ್ಕೆ ಯಾರದು, ಹೊರೆ ಯಾರದು?

ಬೆಂಗಳೂರು: ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕರಣೆಯಲ್ಲಿ ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿಯಿತು. ಸೈಕಲ್ ಕೊಳ್ಳುವವರಿಗೆ ಇದು ಸಂತಸದ ಸುದ್ದಿಯೇ. ಆದರೆ ಈಗಾಗಲೇ ಸೈಕಲ್ ತುಳಿದು ಕೆಲಸಕ್ಕೆ ಹೋಗಿ ಬರುತ್ತಿರುವವರ ಪಾಲಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗಿಲ್ಲ. ಅವರು ಪದೇ ಪದೇ ಹಣ ತೆರಬೇಕಾಗಿರುವುದು ಟೈರು ಮತ್ತು ಟ್ಯೂಬಿಗೆ. ಅವೆರಡೂ ಮೊದಲಿನಿಂದಲೇ ಶೇ 5ರ ಪಟ್ಟಿಯಲ್ಲಿದ್ದವು. ತೆರಿಗೆಯ ಲೆಕ್ಕಕ್ಕೆ ಸಿಗದ ಇನ್ನೊಂದು ಖರ್ಚೂ ಅವರಿಗಿದೆ. ಅದು ಪಂಕ್ಚರಿನಿಂದ ಕಳೆದುಹೋಗುವ ಹೊತ್ತು.

ನಗರದಲ್ಲಿ ಸೈಕಲ್ ಬಿಟ್ಟವರನ್ನು ಕಾರಣ ಕೇಳಿದರೆ ಮೊದಲು ಬರುವ ಉತ್ತರ ವಾಹನ ದಟ್ಟಣೆ, ಎರಡನೆಯದು ಹೊಗೆ. ಪಂಕ್ಚರಿನ ಹೆಸರನ್ನು ಯಾರೂ ಮೊದಲಿಗೆ ಹೇಳುವುದಿಲ್ಲ. ಅದು ದೊಡ್ಡ ಅಪಾಯವಲ್ಲ, ಸಣ್ಣ ಕಿರುಕುಳ. ಆದರೆ ಕಚೇರಿಗೆ ಹೊರಡುವ ಹೊತ್ತಿನಲ್ಲಿ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿರುವುದನ್ನು ತಿಂಗಳಿಗೆ ಎರಡು ಬಾರಿ ಕಂಡವರು ಮೂರನೆಯ ತಿಂಗಳಿಗೆ ಸ್ಕೂಟರಿನ ಕೀಲಿ ಹುಡುಕುವುದು ಸಹಜ. ಪಂಕ್ಚರಿಗೆ ಸುಲಭವಾಗಿ ಬಗ್ಗದ ಟೈರುಗಳ ಬಗ್ಗೆ ನಗರದ ಸೈಕಲ್ ಸವಾರರಲ್ಲಿ ಕುತೂಹಲ ಹೆಚ್ಚಿರುವುದರ ಹಿನ್ನೆಲೆ ಇದೇ. ಈ ಟೈರುಗಳು ಹೇಳಿಕೊಳ್ಳುವುದನ್ನು ಎಷ್ಟರಮಟ್ಟಿಗೆ ಮಾಡುತ್ತವೆ, ಯಾರಿಗೆ ಒದಗುತ್ತವೆ, ಯಾರನ್ನು ಹೊರಗಿಡುತ್ತವೆ ಎಂಬುದು ಪರಿಶೀಲನೆಗೆ ತಕ್ಕ ವಿಷಯ.

ಅಂಚಿನ ಕಸ

ಪಂಕ್ಚರ್ ಹುಟ್ಟುವ ಜಾಗ ಟೈರಲ್ಲ, ರಸ್ತೆಯ ಎಡ ಅಂಚು. ಕಾರು, ಬಸ್ಸು, ಲಾರಿಗಳ ಚಕ್ರಗಳು ನಡುರಸ್ತೆಯ ಕಸವನ್ನು ದಿನವಿಡೀ ಬದಿಗೆ ತಳ್ಳುತ್ತವೆ. ಗಾಜಿನ ಚೂರು, ಮರಳು, ಸ್ಕ್ರೂ, ಮೊಳೆ, ಕಟ್ಟಡದ ಕೆಲಸದಿಂದ ಉದುರಿದ ಬೈಂಡಿಂಗ್ ತಂತಿ ಎಲ್ಲವೂ ಅಲ್ಲಿ ಬಂದು ಸೇರುತ್ತವೆ. ಸೈಕಲ್ ಸವಾರನಿಗೆ ಉಳಿದಿರುವ ಜಾಗವೂ ಅದೇ. ಇವುಗಳಲ್ಲಿ ಕಣ್ಣಿಗೆ ಬೀಳದೆ ಹೆಚ್ಚು ಕಾಡುವುದು ಲಾರಿ ಟೈರಿನ ತಂತಿ. ರೇಡಿಯಲ್ ಟೈರುಗಳೊಳಗಿನ ಉಕ್ಕಿನ ಪಟ್ಟಿಯು ಟೈರು ಸಿಡಿದಾಗ ಕೂದಲಿನಷ್ಟು ಸಣ್ಣ ಎಳೆಗಳಾಗಿ ಹೆದ್ದಾರಿಯ ಬದಿಯಲ್ಲಿ ಚೆದುರಿಬೀಳುತ್ತದೆ. ಅಂತಹ ಎಳೆಯೊಂದು ಟೈರಿಗೆ ಚುಚ್ಚಿಕೊಂಡರೆ ಕೂಡಲೇ ಗಾಳಿ ಹೋಗುವುದಿಲ್ಲ. ಚಕ್ರ ಉರುಳಿದಂತೆಲ್ಲ ಅದು ಒಳಗೆ ಸರಿಯುತ್ತಾ ಹೋಗುತ್ತದೆ. ಎರಡು ದಿನದ ಬಳಿಕ ಬೆಳಗಿನ ಜಾವ ಟೈರು ಚಪ್ಪಟೆಯಾಗಿರುತ್ತದೆ. ಟ್ಯೂಬ್ ಬದಲಿಸಿ, ತಂತಿಯನ್ನು ಟೈರಿನಲ್ಲೇ ಬಿಟ್ಟವರಿಗೆ ಮರುದಿನ ಮತ್ತೆ ಅದೇ ಗತಿ.

ಉದ್ದೇಶಪೂರ್ವಕವಾಗಿ ಮೊಳೆ ಚೆಲ್ಲುವ ದೂರು ಬೇರೆಯದೇ ಕತೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದ್ವಿಚಕ್ರ ವಾಹನ ಸವಾರರು ಈ ಬಗ್ಗೆ 2010ರ ದಶಕದಿಂದಲೂ ದೂರುತ್ತ ಬಂದಿದ್ದಾರೆ. ನಾಗರಿಕರೊಬ್ಬರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಆಗ ಸುದ್ದಿಯಾಗಿತ್ತು. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸುವುದು ಒಳಿತು: ಹಾಗೆ ಚೆಲ್ಲಿದ ಒಂದು ಅಂಗುಲದ ಮೊಳೆ ನೆಟ್ಟಗೆ ನಿಂತು ಸಿಕ್ಕಿದರೆ ಯಾವ ಕಂಪನಿಯ ಯಾವ ಟೈರೂ ಅದನ್ನು ತಡೆಯಲಾರದು. ಜಾಹೀರಾತಿನಲ್ಲಿ ಡ್ರಾಯಿಂಗ್ ಪಿನ್ನಿನ ಮೇಲೆ ಉರುಳುವ ಚಕ್ರವನ್ನು ತೋರಿಸಲಾಗುತ್ತದೆಯೇ ಹೊರತು ಇಂತಹ ಮೊಳೆಯ ಮೇಲೆ ಉರುಳುವುದನ್ನಲ್ಲ.

ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರದ ಕಡೆ ಶತ್ರುವಿನ ರೂಪ ಬೇರೆ. ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಖಾಲಿ ನಿವೇಶನಗಳ ಅಂಚಿನಲ್ಲಿ ಹಬ್ಬುವ ನೆಗ್ಗಿಲ ಮುಳ್ಳು. ಈ ನೆಗ್ಗಿಲು ನಮ್ಮ ನೆಲದ ಹಳೆಯ ಗಿಡ. ನಾಟಿ ವೈದ್ಯದಲ್ಲಿ ಹೆಸರಾದದ್ದು. ಹೇಗೋ ಅಮೆರಿಕಕ್ಕೆ ಹೋಗಿ ನೆಲೆನಿಂತ ಇದೇ ಗಿಡ ಅಲ್ಲಿನ ಪಶ್ಚಿಮದ ಒಣ ರಾಜ್ಯಗಳಲ್ಲಿ ಸೈಕಲ್ ಸವಾರರ ಮೊದಲ ಶತ್ರುವೆನಿಸಿದೆ. ಅಲ್ಲಿ ಅದರ ಹೆಸರು 'ಆಡಿನ ತಲೆ'. ಐಡಾಹೋದ ಬಾಯ್ಸಿ ನಗರದಲ್ಲಿ ಅದನ್ನು ಕಿತ್ತೊಗೆಯಲೆಂದೇ ಸೈಕಲ್ ಸವಾರರು ಉತ್ಸವವೊಂದನ್ನು ನಡೆಸುತ್ತಾರೆ. ಪಂಕ್ಚರ್ ತಡೆಯುವ ಟೈರಿಗೆ ಜಗತ್ತಿನಲ್ಲಿ ಇಷ್ಟು ದೊಡ್ಡ ಮಾರುಕಟ್ಟೆ ಬೆಳೆದುದರಲ್ಲಿ ಈ ಮುಳ್ಳಿನ ಪಾಲೂ ಉಂಟು ಎಂದರೆ ತಪ್ಪಾಗಲಾರದು.

ನೇಯ್ಗೆಯ ತಡೆ, ದಪ್ಪದ ತಡೆ

ಗಾಳಿ ತುಂಬಿದ ಟೈರಿಗೂ ಪಂಕ್ಚರಿಗೂ ನಂಟು ಹುಟ್ಟಿನಿಂದಲೇ ಬಂದದ್ದು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ರೂಪಿಸಿದ ಗಾಳಿಯ ಟೈರು ಸವಾರಿಯನ್ನು ಹಗುರಗೊಳಿಸಿತು. ಆದರೆ ರಿಮ್ಮಿಗೆ ಅಂಟಿಸಿಬಿಟ್ಟಿದ್ದ ಆ ಟೈರಿನ ರಿಪೇರಿ ದೊಡ್ಡ ರಾಮಾಯಣವಾಗಿತ್ತು. ಫ್ರಾನ್ಸಿನ ಮಿಶೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರನ್ನು 1891ರಲ್ಲಿ ತಂದ ಮೇಲೆ ಪಂಕ್ಚರ್ ಎಂಬುದು ಗಂಟೆಗಳ ಕೆಲಸದಿಂದ ನಿಮಿಷಗಳ ಕೆಲಸಕ್ಕೆ ಇಳಿಯಿತು. ಅಂದಿನಿಂದ ಇಂದಿನವರೆಗಿನ ಸುಧಾರಣೆಯೆಲ್ಲ ಆ ನಿಮಿಷಗಳೂ ಬೇಡವೆನ್ನುವ ಪ್ರಯತ್ನ.

ಇಂದು ಮಾರುಕಟ್ಟೆಯಲ್ಲಿರುವ ಪಂಕ್ಚರ್ ನಿರೋಧಕ ಟೈರುಗಳು ಎರಡು ಭಿನ್ನ ತತ್ವಗಳ ಮೇಲೆ ನಿಂತಿವೆ. ಕೊಳ್ಳುವವರು ತಿಳಿದಿರಬೇಕಾದುದು ಮುಖ್ಯವಾಗಿ ಇದನ್ನೇ. ಮೊದಲನೆಯದು ನೇಯ್ಗೆ. ಟೈರಿನ ನೆಲ ಮುಟ್ಟುವ ರಬ್ಬರಿನ ಕೆಳಗೆ ಗಟ್ಟಿ ನಾರಿನ ಪಟ್ಟಿಯೊಂದನ್ನು ಹಾಸಲಾಗುತ್ತದೆ. ಡ್ಯೂಪಾಂಟ್ ಸಂಸ್ಥೆಯಲ್ಲಿ ಸ್ಟೆಫನಿ ಕ್ವೊಲೆಕ್ ಎಂಬ ವಿಜ್ಞಾನಿ 1965ರಲ್ಲಿ ಕಂಡುಕೊಂಡ ಕೆವ್ಲಾರ್ ಇಂತಹ ನಾರು. ಗುಂಡು ನಿರೋಧಕ ಅಂಗಿಯಲ್ಲಿಯೂ ಬಳಕೆಯಾಗುವಂಥದ್ದು. ನೈಲಾನಿನ ಬಿಗಿ ನೇಯ್ಗೆಯನ್ನು ಬಳಸುವ ಕಂಪನಿಗಳೂ ಇವೆ. ಈ ಪಟ್ಟಿ ಹಗುರ, ತುಳಿಯುವವರ ಕಾಲಿಗೆ ಹೊರೆ ಅನ್ನಿಸುವುದಿಲ್ಲ. ಗಾಜಿನ ಚೂರಿನ ಅಲಗನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಸೂಜಿಯಂತಹ ವಸ್ತು ಎಳೆಗಳ ನಡುವೆ ನುಸುಳಿಬಿಡಬಹುದು. ಲಾರಿ ಟೈರಿನ ತಂತಿ, ಜಾಲಿ ಮುಳ್ಳು ಇದೇ ಜಾತಿಯವು.

ಎರಡನೆಯದು ದಪ್ಪ. ಇಲ್ಲಿ ತಡೆಯುವುದು ನಾರಿನ ಗಟ್ಟಿತನವಲ್ಲ, ಅಂತರ. ಜರ್ಮನಿಯ ಶ್ವಾಲ್ಬೆ ಕಂಪನಿಯ 'ಮ್ಯಾರಥಾನ್ ಪ್ಲಸ್' ಇದರ ಹೆಸರಾಂತ ಉದಾಹರಣೆ. ಅದರೊಳಗೆ 5 ಮಿಲಿಮೀಟರ್ ದಪ್ಪದ, ಎಲಾಸ್ಟಿಕ್ಕಿನಂತಹ ರಬ್ಬರ್ ಪದರವಿದೆ. ಚುಚ್ಚಿದ ವಸ್ತು ಟ್ಯೂಬನ್ನು ತಲುಪುವ ಮೊದಲೇ ಅದರ ಉದ್ದ ಮುಗಿದಿರುತ್ತದೆ. ತಂತಿಗೂ ಮುಳ್ಳಿಗೂ ಇದು ಹೆಚ್ಚು ನಂಬಬಹುದಾದ ಉಪಾಯ. ಇದರ ಬೆಲೆಯನ್ನು ಕಾಲು ತೆರಬೇಕು: ಇಂತಹ ಒಂದು ಟೈರು ಸುಮಾರು 900 ಗ್ರಾಂ ತೂಗುತ್ತದೆ, ಉರುಳುವಾಗ ಹೆಚ್ಚು ಶಕ್ತಿ ಬೇಡುತ್ತದೆ, ರಿಮ್ಮಿನಿಂದ ಬಿಚ್ಚಲು ಬೆರಳು ನೋಯುವಷ್ಟು ಬಿಗಿಯಾಗಿರುತ್ತದೆ.

ಈ ಎರಡನೆಯ ಉಪಾಯವನ್ನು ಜರ್ಮನರಿಂದ ಕಲಿಯಬೇಕಾದ ಅಗತ್ಯ ನಮ್ಮ ಸೈಕಲ್ ಅಂಗಡಿಯವರಿಗೆ ಇರಲಿಲ್ಲ ಎಂಬುದು ಸ್ವಾರಸ್ಯಕರ. ಟೈರು ಹರಿದಾಗ ಹಳೆಯ ಟೈರಿನ ತುಂಡೊಂದನ್ನು ಕತ್ತರಿಸಿ ಒಳಗೆ ಇಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ತತ್ವ ಒಂದೇ. ವ್ಯತ್ಯಾಸವಿರುವುದು ಅಚ್ಚುಕಟ್ಟಿನಲ್ಲಿ, ತುಂಡಿನ ಅಂಚು ಟ್ಯೂಬಿಗೆ ಉಜ್ಜಿ ಕೆಲವು ವಾರಗಳಲ್ಲಿ ತಾನೇ ತೂತು ಮಾಡುವುದುಂಟು. ಟೈರು ಮತ್ತು ಟ್ಯೂಬಿನ ನಡುವೆ ಹಾಸಲೆಂದು ಮಾರುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಇದೇ ದೋಷ ಅಂಟಿಕೊಂಡಿದೆ.

ಟ್ಯೂಬಿನೊಳಗೆ ಸುರಿಯುವ ದ್ರಾವಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಣ್ಣ ತೂತುಗಳನ್ನು ಅದು ಮುಚ್ಚುತ್ತದೆ, ಮುಳ್ಳಿನ ಸೀಮೆಯಲ್ಲಿ ಉಪಯುಕ್ತ. ಲ್ಯಾಟೆಕ್ಸ್ ದ್ರಾವಣ ನಮ್ಮ ಬೇಸಿಗೆಗೆ ಬೇಗ ಒಣಗುತ್ತದೆ, ದೊಡ್ಡ ತೂತಾದರೆ ಅಂಟಂಟಾದ ಟ್ಯೂಬಿಗೆ ಪ್ಯಾಚ್ ಹಿಡಿಯುವುದು ಕಷ್ಟ.

ಗಾಳಿಯೇ ಇಲ್ಲದ ಗಟ್ಟಿ ಟೈರು ಕೊನೆಯ ಪರಿಹಾರವಲ್ಲವೇ ಎಂದು ಕೇಳುವವರಿದ್ದಾರೆ. 2016ರಲ್ಲಿ ಶಾಂಘೈನಲ್ಲಿ ಆರಂಭವಾಗಿ ಮುಂದೆ ಪುಣೆಯವರೆಗೂ ಬಂದಿದ್ದ ಮೊಬೈಕ್ ಬಾಡಿಗೆ ಸೈಕಲ್ಲುಗಳಿಗೆ ಇಂತಹ ಟೈರನ್ನೇ ಹಾಕಲಾಗಿತ್ತು. ಸಾವಿರಾರು ಸೈಕಲ್ಲುಗಳನ್ನು ಬೀದಿಯಲ್ಲಿ ಬಿಟ್ಟಿರುವ ಕಂಪನಿಗೆ ಪಂಕ್ಚರ್ ಎಂದರೆ ನಿರ್ವಹಣೆಯ ವೆಚ್ಚ. ಗುಂಡಿಯ ಏಟು ತಿನ್ನುವುದು ಸವಾರನ ಸೊಂಟ. ಹತ್ತು ನಿಮಿಷದ ಸವಾರಿಗೆ ಅದನ್ನು ಸಹಿಸಬಹುದು. ಪ್ರತಿದಿನ ಹತ್ತು ಹನ್ನೆರಡು ಕಿಲೋಮೀಟರ್ ತುಳಿಯುವವರು ಡನ್ಲಪ್‌ಗಿಂತ ಹಿಂದಿನ ಕಾಲಕ್ಕೆ ಮರಳುವುದರಲ್ಲಿ ಅರ್ಥವಿಲ್ಲ. ಗಟ್ಟಿ ಟೈರು ಏಟನ್ನು ನುಂಗದೆ ಕಡ್ಡಿಗಳಿಗೆ ದಾಟಿಸುತ್ತದೆ; ನಮ್ಮ ರಸ್ತೆಗಳಲ್ಲಿ ಚಕ್ರ ಡೊಂಕಾಗಲು ಅಷ್ಟು ಸಾಕು.

ಮೊದಲು ಪಂಪು, ಬಳಿಕ ಟೈರು

ದುಬಾರಿ ಟೈರಿಗೆ ಕೈ ಹಾಕುವ ಮೊದಲು ಸವಾರರು ನೋಡಬೇಕಾದ ಸಂಗತಿಯೊಂದಿದೆ. ಪಂಕ್ಚರುಗಳಲ್ಲಿ ಒಂದು ಬಗೆಯದಕ್ಕೆ ರಸ್ತೆಯ ಕಸಕ್ಕೂ ಸಂಬಂಧವಿಲ್ಲ, ಟೈರಿನ ಗುಣಕ್ಕೂ ಸಂಬಂಧವಿಲ್ಲ. ಗಾಳಿ ಕಡಿಮೆಯಿರುವ ಚಕ್ರ ಗುಂಡಿಗೋ ರಸ್ತೆ ಉಬ್ಬಿಗೋ ಬಡಿದಾಗ ಟ್ಯೂಬು ರಿಮ್ಮಿನ ಅಂಚಿಗೂ ನೆಲಕ್ಕೂ ನಡುವೆ ಸಿಕ್ಕಿಕೊಂಡು ಅಕ್ಕಪಕ್ಕದಲ್ಲಿ ಎರಡು ತೂತುಗಳಾಗುತ್ತವೆ. ಹಾವು ಕಚ್ಚಿದ ಗುರುತಿನಂತೆ ಕಾಣುವ ಇದನ್ನು ಕೆವ್ಲಾರ್ ಪಟ್ಟಿ ತಡೆಯದು. ಟ್ಯೂಬಿನಿಂದ ಗಾಳಿ ಮೆಲ್ಲಗೆ ಸೋರುವುದು ಅದರ ಸ್ವಭಾವ. ತಿಂಗಳುಗಟ್ಟಲೆ ಪಂಪು ಕಾಣದ ಸೈಕಲ್ಲಿಗೆ ಪಂಕ್ಚರ್ ಆಯಿತೆಂದು ರಸ್ತೆಯನ್ನೋ ಕಂಪನಿಯನ್ನೋ ದೂರುವುದು ನ್ಯಾಯವಲ್ಲ. ಟೈರಿನ ಪಕ್ಕೆಯ ಮೇಲೆ ಗಾಳಿಯ ಒತ್ತಡದ ಮಿತಿ ಅಚ್ಚಾಗಿರುತ್ತದೆ. ಒತ್ತಡ ತೋರಿಸುವ ಪಂಪೊಂದು ಮನೆಯಲ್ಲಿದ್ದು, ವಾರಕ್ಕೊಮ್ಮೆ ಗಾಳಿ ನೋಡಿದರೆ ಈ ಬಗೆಯ ಪಂಕ್ಚರುಗಳು ಬಹುಪಾಲು ನಿಲ್ಲುತ್ತವೆ.

ಅಗಲವೂ ಇಷ್ಟೇ ಮುಖ್ಯ. ರೇಸಿನ ಸೈಕಲ್ಲುಗಳ 25 ಮಿಲಿಮೀಟರ್ ಟೈರು ನಯವಾದ ರಸ್ತೆಗೆ ಸರಿ. ಬೆಂಗಳೂರು, ಹುಬ್ಬಳ್ಳಿ ಅಥವಾ ಮಂಗಳೂರಿನ ಬೀದಿಗಳಿಗೆ 35ರಿಂದ 45 ಮಿಲಿಮೀಟರ್ ಅಗಲದ, ಮೇಲ್ಮೈ ಹೆಚ್ಚು ಕೊರೆದಿರದ ಟೈರು ವಾಸಿ. ಬೆಟ್ಟದ ಸೈಕಲ್ಲಿನ ಗುಬುಟು ಗುಬುಟಾದ ಟೈರು ನೋಡಲು ಬಲಿಷ್ಠವಾಗಿ ಕಂಡರೂ ಗುಬುಟುಗಳ ನಡುವಿನ ತಗ್ಗಿನಲ್ಲಿ ರಬ್ಬರು ತೆಳುವಾಗಿರುತ್ತದೆ. ಮುಳ್ಳು ದಾರಿ ಮಾಡಿಕೊಳ್ಳುವುದು ಅಲ್ಲಿಂದಲೇ. ಆರು ಸಾವಿರ ರೂಪಾಯಿ ಖರ್ಚು ಮಾಡುವುದಕ್ಕಿಂತ ಮೊದಲು ಇಂತಹ ಟೈರನ್ನು ಸಾದಾ ನಯದ ಟೈರಿಗೆ ಬದಲಿಸಿದರೆ ಸವಾರಿ ಹಗುರಾಗುವುದಂತೂ ಖಚಿತ.

ಇನ್ನು ಹಣದ ಲೆಕ್ಕ. ವಿದೇಶಿ ದಪ್ಪ ಟೈರೊಂದರ ಬೆಲೆ ಇಲ್ಲಿ ಮೂರು ಸಾವಿರ ರೂಪಾಯಿ ದಾಟುತ್ತದೆ. ಸಾದಾ ಸೈಕಲ್ಲಿನ ದೇಶಿ ಟೈರು ನಾಲ್ಕೈದು ನೂರಕ್ಕೆ ದೊರೆಯುತ್ತದೆ. ತಿಂಗಳಿಗೆ ಎರಡು ಪಂಕ್ಚರ್, ಒಂದಕ್ಕೆ 50 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,200 ರೂಪಾಯಿ. ಎರಡು ದುಬಾರಿ ಟೈರಿನ ಹಣ ಹೀಗೆ ಮರಳಿ ಬರಲು ಐದು ವರ್ಷ ಬೇಕು. ಆದ್ದರಿಂದ ಉಳಿತಾಯದ ಮಾತು ಹೇಳಿ ಈ ಟೈರು ಮಾರುವುದು ಸರಿಯಲ್ಲ. ಉಳಿಯುವುದು ಸಮಯ, ತಪ್ಪುವುದು ತಡವಾದ ಹಾಜರಿ ಮತ್ತು ಕತ್ತಲಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವ ಸಂಕಟ. ಅದಕ್ಕೆ ಬೆಲೆ ಕಟ್ಟುವುದು ಅವರವರಿಗೆ ಬಿಟ್ಟದ್ದು. ಖರ್ಚನ್ನು ಅರ್ಧಕ್ಕೆ ಇಳಿಸುವ ದಾರಿಯೂ ಇದೆ: ಒಂದೇ ಟೈರು ಕೊಂಡು ಹಿಂದಿನ ಚಕ್ರಕ್ಕೆ ಹಾಕುವುದು. ಸವಾರನ ಭಾರದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿರುತ್ತದೆ. ಮಲಗಿದ್ದ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸಿ ಹಿಂದಿನದಕ್ಕೆ ಒಪ್ಪಿಸುವುದೂ ಉಂಟು. ಪಂಕ್ಚರ್ ಹೆಚ್ಚಾಗಿ ಹಿಂದೆಯೇ ಆಗುವುದು ಇದರಿಂದ, ಬಿಚ್ಚಲು ಹೆಚ್ಚು ತೊಡಕಿನದೂ ಅದೇ.

ಕೊಳ್ಳುವವರಿಗೆ ಎದುರಾಗುವ ಇನ್ನೊಂದು ತೊಡಕು ಮಾಪನದ್ದು. ಟೈರು ಪಂಕ್ಚರನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಲು ಎಲ್ಲ ಕಂಪನಿಗಳಿಗೂ ಅನ್ವಯವಾಗುವ ಒಂದೇ ಅಳತೆಗೋಲಿಲ್ಲ. ಶ್ವಾಲ್ಬೆಯದು ಏಳು ಮೆಟ್ಟಿಲಿನ ಸ್ವಂತ ಪಟ್ಟಿ. ಉಳಿದ ಕಂಪನಿಗಳದು ಅವುಗಳದೇ ಲೆಕ್ಕ. ಒಂದರ 'ಐದು' ಮತ್ತೊಂದರ 'ಐದಕ್ಕೆ' ಸಮವೆಂದು ಭಾವಿಸುವಂತಿಲ್ಲ. 'ಪಂಕ್ಚರ್ ಪ್ರೂಫ್' ಎಂಬ ಬರಹದ ಕೆಳಗೆ ನಾರಿನ ಪಟ್ಟಿಯಿದೆಯೇ, ದಪ್ಪ ಪದರವಿದೆಯೇ ಅಥವಾ ಬರಿಯ ಬರಹವಷ್ಟೇ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ ತಿಳಿಯುವುದು ಕ್ಷೇಮ.

ಕರಿ ಸೈಕಲ್ಲಿಗೆ ಏನಿದೆ?

ಇಷ್ಟೆಲ್ಲ ಆಯ್ಕೆಗಳು ಯಾರ ಮುಂದಿವೆ ಎಂಬ ಪ್ರಶ್ನೆಗೆ ಈಗ ಬರಬೇಕು. 2011ರ ಜನಗಣತಿಯ ಪ್ರಕಾರ ದೇಶದ ಶೇ 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಇವುಗಳಲ್ಲಿ ಗೇರು, ಡಿಸ್ಕ್ ಬ್ರೇಕ್ ಇರುವ ಹೊಸ ಬಗೆಯವು ಎಷ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕಾವಲುಗಾರರು, ಗಾರೆ ಕೆಲಸದವರು, ಪತ್ರಿಕೆ ಹಾಕುವ ಹುಡುಗರು, ನಸುಕಿನಲ್ಲಿ ಮಾರುಕಟ್ಟೆಯಿಂದ ಹೂವು ಸೊಪ್ಪು ತರುವವರು ಏರುವುದು ಎತ್ತರದ ಕರಿ ಸೈಕಲ್ಲನ್ನು. ಅದರ ಚಕ್ರದ ಅಳತೆ 28 ಅಂಗುಲ, 1½ ಅಂಗುಲ. ಅಂತರರಾಷ್ಟ್ರೀಯ ಗುರುತಿನಲ್ಲಿ ರಿಮ್ಮಿನ ಅಳತೆ 635 ಮಿಲಿಮೀಟರ್. ಹೊಸ ಬಗೆಯ ನಗರ ಸೈಕಲ್ಲಿನದು 622, ಹಿಂದಿನ ಬೆಟ್ಟದ ಸೈಕಲ್ಲಿನದು 559. ಮೂರೂ ಒಂದಕ್ಕೊಂದು ಹೊಂದುವುದಿಲ್ಲ. ಟೈರು ಕೊಳ್ಳುವಾಗ ಅಂಗುಲದ ಲೆಕ್ಕಕ್ಕಿಂತ ಈ ಮೂರಂಕಿಯ ಗುರುತನ್ನು ನೋಡಬೇಕೆಂದು ತಿಳಿದವರು ಹೇಳುವುದು ಇದರಿಂದಲೇ.

ಪಂಕ್ಚರ್ ನಿರೋಧಕ ಟೈರುಗಳ ಪಟ್ಟಿಯಲ್ಲಿ 622 ಮತ್ತು 559ಕ್ಕೆ ಹತ್ತಾರು ಬಗೆಗಳಿವೆ. 635ಕ್ಕೆ ಯುರೋಪಿನಲ್ಲಿಯೇ ಆಯ್ಕೆ ತೀರ ಕಡಿಮೆ. ನಮ್ಮ ಊರಿನ ಅಂಗಡಿಯಲ್ಲಿ ಕೇಳಿದರೆ ಸಾದಾ ಟೈರಿನ ಹೊರತು ಬೇರೇನೂ ಸಿಗುವುದು ದುರ್ಲಭ. ದೇಶದಲ್ಲಿ ಟೈರು ತಯಾರಿಸುವ ಸಾಮರ್ಥ್ಯ ಇಲ್ಲವೆಂದಲ್ಲ. ಲುಧಿಯಾನದ ರಾಲ್ಸನ್ ಮತ್ತು ಮೆಟ್ರೊ, ಹೈದರಾಬಾದಿನ ಹಾರ್ಟೆಕ್ಸ್‌ನಂತಹ ಕಂಪನಿಗಳು ಹೊರದೇಶಗಳಿಗೂ ಸೈಕಲ್ ಟೈರು ಕಳಿಸುತ್ತವೆ. ಐದು ನೂರರ ಟೈರಿಗೆ ಇನ್ನೂರು ಮುನ್ನೂರು ರೂಪಾಯಿ ಸೇರಿಸಿ ಒಂದು ದಪ್ಪ ಪದರ ಕೂಡಿಸುವುದು ಅಸಾಧ್ಯದ ಕೆಲಸವಾಗಿರಲಾರದು. ಕರಿ ಸೈಕಲ್ಲಿನ ಸವಾರ ಕೇಳುವುದಿಲ್ಲ, ಆದ್ದರಿಂದ ತಯಾರಾಗುವುದಿಲ್ಲ. ತಯಾರಾಗದಿರುವುದರಿಂದ ಕೇಳಬಹುದೆಂಬುದೇ ಆತನಿಗೆ ತಿಳಿಯುವುದಿಲ್ಲ.

ಅವರಿಗೆ ಇದುವರೆಗೆ ರಕ್ಷಣೆಯಾಗಿದ್ದುದು ಬೀದಿ ತುದಿಯ ಸೈಕಲ್ ಅಂಗಡಿ. ಒಂದು ಬಾಣಲೆ ನೀರು, ಉಜ್ಜುವ ಕಾಗದ, ಸಲ್ಯೂಷನ್, ಹಳೆಯ ಟ್ಯೂಬಿನ ತುಂಡು ಇದ್ದರೆ ಕೆಲಸ ಮುಗಿಯುತ್ತಿತ್ತು. ಎಷ್ಟೋ ಬಾರಿ ಪಂಕ್ಚರೇ ಆಗಿರುತ್ತಿರಲಿಲ್ಲ. ವಾಲ್ ಟ್ಯೂಬ್ ಎಂಬ ಬೆರಳುದ್ದದ ರಬ್ಬರು ಕೊಳವೆ ಹಳತಾಗಿ ಗಾಳಿ ಬಿಡುತ್ತಿತ್ತು, ಅದನ್ನು ಬದಲಿಸಿದರೆ ಸಾಕಿತ್ತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನ ಕಾಲ ಮುಗಿದ ಮೇಲೆ ಆ ಅಂಗಡಿಗಳು ಒಂದೊಂದಾಗಿ ಮುಚ್ಚಿವೆ. ಉಳಿದ ಪಂಕ್ಚರ್ ಅಂಗಡಿಗಳಿಗೆ ಬೈಕು ಕಾರುಗಳ ಟ್ಯೂಬ್‌ಲೆಸ್ ಟೈರಿನದೇ ಮುಖ್ಯ ವ್ಯಾಪಾರ. ಸೈಕಲ್ ಎಂದರೆ ಹಲವರು ತಲೆ ಅಲ್ಲಾಡಿಸುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಕಾವಲುಗಾರನಿಗೆ ಪಂಕ್ಚರ್ ಎಂದರೆ ಈಗ 50 ರೂಪಾಯಿಯ ಮಾತಲ್ಲ, ನಾಲ್ಕು ಕಿಲೋಮೀಟರ್ ನಡಿಗೆಯ ಮಾತು.

ಗುಡಿಸುವವರು ಯಾರು?

ಬೆಂಗಳೂರಿನಲ್ಲಿ ಸೈಕಲ್ಲಿಗಾಗಿ ಪ್ರತ್ಯೇಕ ಪಥ ಮಾಡುವ ಪ್ರಯತ್ನಗಳು ನಡೆದಿವೆ. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಿಂದ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಪಥವೊಂದನ್ನು ಗುರುತಿಸಲಾಯಿತು. ಬೈಕುಗಳು ನುಗ್ಗಿದ್ದು, ಮೆಟ್ರೊ ಕಾಮಗಾರಿಗೆ ಜಾಗ ಹೋದದ್ದು ಹೆಚ್ಚು ಚರ್ಚೆಯಾಯಿತು. ಅಷ್ಟಾಗಿ ಚರ್ಚೆಯಾಗದ ಅಂಶವೆಂದರೆ ಕಂಬಗಳ ಒಳಗಿನ ಪಥವನ್ನು ಗುಡಿಸುವ ಬಗೆ. ಮೋಟಾರು ವಾಹನಗಳು ಓಡಾಡುವ ಪಥವನ್ನು ಅವುಗಳ ಚಕ್ರಗಳೇ ಒಂದು ಮಟ್ಟಿಗೆ ಗುಡಿಸುತ್ತವೆ. ಅವು ಬಾರದಂತೆ ಬೇಲಿ ಹಾಕಿದ ಕಿರಿದಾದ ಪಟ್ಟಿಯಲ್ಲಿ ಬಿದ್ದ ಗಾಜು ಬಿದ್ದಲ್ಲೇ ಇರುತ್ತದೆ. ಅಕ್ಕಪಕ್ಕದ ಕಸವೂ ಅಲ್ಲಿಗೇ ಬಂದು ಸೇರುತ್ತದೆ. ದೊಡ್ಡ ಲಾರಿಯಾಕಾರದ ಗುಡಿಸುವ ಯಂತ್ರ ಅದರೊಳಗೆ ಹಿಡಿಯುವುದಿಲ್ಲ. ಕೋಪನ್‌ಹೇಗನ್ನಿನಂತಹ ನಗರದಲ್ಲಿ ಸೈಕಲ್ ಪಥದ ಹಿಮವನ್ನು ಆದ್ಯತೆಯ ಮೇಲೆ ತೆಗೆಯುವ ಪದ್ಧತಿ ಇದೆ, ಅದಕ್ಕೆ ಹೊಂದುವ ಸಣ್ಣ ವಾಹನಗಳೂ ಇವೆ. ಪಥ ಕಟ್ಟುವುದೆಂದರೆ ಅದನ್ನು ದಿನವೂ ಶುಚಿಯಾಗಿಡುವುದೂ ಸೇರಿದೆ ಎಂಬ ತಿಳಿವಳಿಕೆ ಅದರ ಹಿಂದಿದೆ.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಡಳಿತ ಐದು ನಗರ ಪಾಲಿಕೆಗಳಿಗೆ ಹಂಚಿಹೋಯಿತು. ರಸ್ತೆ ಗುಡಿಸುವ ಹೊಣೆ ಯಾವ ಗಡಿಯವರೆಗೆ ಯಾರದು ಎಂಬ ತಕರಾರಿಗೆ ಇದರಲ್ಲಿ ಅವಕಾಶವಿದೆ; ಹಾಗೆಯೇ ಹೊಸದಾಗಿ ಬರೆಯುವ ಗುತ್ತಿಗೆಗಳಲ್ಲಿ ರಸ್ತೆಯ ಅಂಚಿನ ಒಂದು ಮೀಟರನ್ನು ಹೆಸರಿಸಿ ಸೇರಿಸುವ ಅವಕಾಶವೂ ಇದೆ. ಕಾಮಗಾರಿ ಮುಗಿದ ಜಾಗದಲ್ಲಿ ತಂತಿ, ಮೊಳೆ ಹೆಕ್ಕದೆ ಹೋದ ಗುತ್ತಿಗೆದಾರನಿಗೆ ಬಿಲ್ ತಡೆಹಿಡಿಯುವುದು ಹೊಸ ಕಾನೂನು ಬೇಡುವ ಕೆಲಸವಲ್ಲ. ಇದಾವುದೂ ಆಗದಿದ್ದರೆ ರಸ್ತೆಯ ಕಸದ ದಂಡವನ್ನು ಸವಾರನೇ ಟೈರಿನ ರೂಪದಲ್ಲಿ ತೆರುತ್ತ ಹೋಗುತ್ತಾನೆ: ಉಳ್ಳವನು ಒಮ್ಮೆಗೆ ಮೂರು ಸಾವಿರ ಕೊಟ್ಟು, ಇಲ್ಲದವನು ಐವತ್ತರ ಕಂತುಗಳಲ್ಲಿ.

ಮಳೆಗಾಲದಲ್ಲಿ ಈ ಕಂತುಗಳು ಹತ್ತಿರ ಹತ್ತಿರ ಬರುತ್ತವೆ. ನೀರು ಹರಿದು ಚರಂಡಿಯ ಗಾಜನ್ನೆಲ್ಲ ರಸ್ತೆಗೆ ತರುತ್ತದೆ, ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಸೀಳುತ್ತದೆ. ಟೈರು ಯಾವುದೇ ಇರಲಿ, ಮಳೆಯಲ್ಲಿ ಬಂದ ಸಂಜೆ ಚಕ್ರವನ್ನು ಒಮ್ಮೆ ಮೆಲ್ಲಗೆ ತಿರುಗಿಸಿ, ಕಚ್ಚಿಕೊಂಡಿರುವ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆಯುವುದು ಹಳೆಯ ಸವಾರರ ರೂಢಿ. ಒಳಗೆ ಸರಿಯಲು ಎರಡು ದಿನ ತೆಗೆದುಕೊಳ್ಳುವ ತಂತಿಯೂ ಆಗಲೇ ಕೈಗೆ ಸಿಗುತ್ತದೆ.